ತಗಡಿನ ಡಬ್ಬಿ
ನಿನ್ನೆ ರಾತ್ರಿ ಧಾರವಾಡದ ಮನೆಯಲ್ಲಿ, ಹೊರಗೆ ಜಿಟಿಜಿಟಿ ಮಳೆ ಹಿಡಿದಿದ್ದಾಗ, ಇಸಾವೊ ತಕಹಾತ ನಿರ್ದೇಶನದ 1988ರ ಜಪಾನಿ ಚಿತ್ರ ‘ಗ್ರೇವ್ ಆಫ್ ದ ಫೈರ್‌ಫ್ಲೈಸ್’ ಅನ್ನು ಅವ್ವನೊಂದಿಗೆ ನೋಡಿದೆ. 1945ರ ಬಾಂಬ್ ದಾಳಿಗೆ ಕೋಬೆ ನಗರ ಸುಟ್ಟು, ತಾಯಿಯನ್ನು ಕಳೆದುಕೊಂಡ ಅಣ್ಣ-ತಂಗಿಯರ ಕಥೆಯದು. ಪೆಪ್ಪರಮಿಂಟು ಖಾಲಿಯಾದ ತಗಡಿನ ಡಬ್ಬಿಗೆ ನೀರು ಹಾಕಿ, ಅಲುಗಾಡಿಸಿ, ಅಂಟಿಕೊಂಡಿದ್ದ ಸಿಹಿಯನ್ನೇ ಅಣ್ಣ ತಂಗಿಗೆ ಕುಡಿಸುವಾಗ ಅವ್ವ ಸೆರಗಿನಿಂದ ಕಣ್ಣೊರೆಸಿಕೊಂಡು, “ಆ ಕೂಸಿಗೆ ಯಾರರೆ ಒಂದ್ ತುತ್ತು ಅನ್ನ ಹಾಕಬಾರದಿತ್ತೇನು?” ಎಂದಳು.

ರಣರಂಗದ ಶೌರ್ಯವನ್ನೇ ಹೆಚ್ಚಾಗಿ ತೋರಿಸುವ ನಮ್ಮ ಯುದ್ಧಚಿತ್ರಗಳಲ್ಲಿ ಈ ಹಸಿವಿಗೆ ಜಾಗ ತೀರ ಕಡಿಮೆ ಎಂಬ ಕೊರಗು ನನಗಿದೆ. 2016ರ ಫೆಬ್ರವರಿಯಲ್ಲಿ, ಸಿಯಾಚಿನ್ ಹಿಮಕುಸಿತಕ್ಕೆ ಸಿಲುಕಿದ್ದ ಯೋಧ ಹನುಮಂತಪ್ಪ ಕೊಪ್ಪದ ಅವರ ಪಾರ್ಥಿವ ಶರೀರ ನಮ್ಮ ಜಿಲ್ಲೆಯ ಬೆಟದೂರಿಗೆ ಬಂದ ದಿನ ಊರೂರೇ ಅತ್ತಿತ್ತು. ಜನ ಚದುರಿದ ಮೇಲೆ ಅಂಥ ಮನೆಗಳಲ್ಲಿ ದಿನಗಳು ಹೇಗೆ ಸಾಗುತ್ತವೆ ಎಂಬುದನ್ನು ಕನ್ನಡದ ಚಿತ್ರವೊಂದು ಸಾವಧಾನದಿಂದ ತೋರಿಸಬೇಕೆಂದು ಮನಸ್ಸು ಬಯಸುತ್ತದೆ.