ರನ್ನ ಆ್ಯಂಡ್ ಕಂಪನಿ

18 ಮಾರ್ಚ್, ಮಂಗಳವಾರ. ಮುಧೋಳ.

ಸಂಜೆ ಐದಾದರೂ ಬೋಣಿಗೆ ಇಲ್ಲ. ಬಂದ ಒಬ್ಬಾಕಿ ಎರಡು-ಆರರ ಹಸಿರು ಬಳೆ ಮುಂಗೈಗೆ ಹಿಡಿದು ನೋಡಿ, ಮೊಬೈಲಿನಲ್ಲಿ ರೇಟು ತೆಗೆದು, "ಆಮ್ಯಾಲ ಬರ್ತೀನ್ರೀ" ಅಂದು ಹೋದಳು. ಆಮೇಲೆ ಬಂದದ್ದು ಸೋದರಮಾವ. ರಿಟೈರ್ ಆದ ಕನ್ನಡ ಮಾಸ್ತರು, ಚಹಾ ಕುಡಿಯದೆ ಏಳುವವರಲ್ಲ.

"ಅಳಿಯಾ, ತಪ್ಪು ನಿನ್ನ ಬೋರ್ಡಿನದು. ಹಳಗನ್ನಡ ಕವಿ ರನ್ನನೂ ಬಳಿಗಾರರ ಮನಿಯಾಂವ, 949ರಾಗ ಇದ ಊರಾಗ ಹುಟ್ಟಿದಾಂವ. ಹೆಸರ ಬದಲಿ ಮಾಡು. ರನ್ನ ಆ್ಯಂಡ್ ಕಂಪನಿ, ಠೋಕ ಹಾಗೂ ಕಿರಕೋಳ ವ್ಯಾಪಾರಿಗಳು!"

ನಕ್ಕು ಸುಮ್ಮನಾದೆ. ಮಾವ ಸುಮ್ಮನಾಗಲಿಲ್ಲ, ಬಿಲ್ ಬುಕ್ಕಿನ ಹಿಂದೆ ಬರೆಸತೊಡಗಿದರು. ಮೊದಲ ಮಾಲು ಟೇಬಲ್ ಫ್ಯಾನು. ಜಾಹೀರಾತಿಗೆ ರನ್ನನ 'ಗದಾಯುದ್ಧ'ದ ದುರ್ಯೋಧನ: ಭೀಮನ ಕೂಗಿಗೆ ವೈಶಂಪಾಯನ ಸರೋವರದಲ್ಲಿ ಅಡಗಿದ್ದಲ್ಲೇ ಬೆವತವನಿಗಿಂತ ಒಳ್ಳೆ ಗಿರಾಕಿ ಯಾರು? "ನೀರಾಗ ಕುಂತರೂ ಬೆವರ್ತೀರೇನು? ಇವತ್ತ ಭೆಟ್ಟಿ ಕೊಡ್ರಿ." ಗದೆಗೆ ವಾರಂಟಿ ಉಂಟು, ತೊಡೆಗೆ ಇಲ್ಲ. ಮಾಲು ಪರೀಕ್ಷೆ ಮಾಡುವ ನೌಕರನಿಗೆ ಎಂಟು ಗುಂಡಿಗೆ ಬೇಕು, ಅದು ತನ್ನ ಕಾವ್ಯ ಪರೀಕ್ಷಿಸುವವರಿಗೆ ರನ್ನನೇ ಹಾಕಿದ ಷರತ್ತು. ಉಚಿತ ಕೊಡುಗೆಯ ಖಾತೆ ರನ್ನನಿಗೆ ಆಶ್ರಯ ಕೊಟ್ಟ ಅತ್ತಿಮಬ್ಬೆಗೆ. ಪೊನ್ನನ ಶಾಂತಿಪುರಾಣವನ್ನು 1000 ಪ್ರತಿ ಬರೆಸಿ ಹಂಚಿದಾಕೆ. ನಮ್ಮ 'ಎರಡು ಡಜನ್‌ಗೆ ಒಂದು ಫ್ರೀ' ಆಕೆಗೆ ಯಾವ ಲೆಕ್ಕ.

"ಮತ್ತ ಮಾಲ ವಾಪಸ್ ತಂದ್ರ?"

"ತಗೊಳ್ಳಾಂಗಿಲ್ಲ. ನಮ್ಮ ಮಾಲಕ ರನ್ನ ತಾನ ಹೇಳಿಕೊಂಡಾಂಗ ವಾಗ್ದೇವಿ ಭಂಡಾರದ ಮುದ್ರೀನ ಒಡದಾನ. ಎಲ್ಲಾ ಸೀಲ್ ಒಡದ ಮಾಲು!"

ನಾವು ನಕ್ಕ ಸದ್ದಿಗೆ ಪಕ್ಕದ ಟೇಲರ್ ಮಷಿನ್ ನಿಲ್ಲಿಸಿ ಎದ್ದು ಬಂದ.

ಚಹಾ ಬಂತು. ಮಾವ ಬಸಿಗೆ ಸುರುವಿಕೊಂಡು, "ಹುಡುಗ ಏನಂತಾನ?" ಅಂದರು.

"ಅಂಗಡ್ಯಾಗ ಕೂಡೂದಿಲ್ಲಂತ. ಬೆಳಗಾವ್ಯಾಗ ಓದು ಮುಗೀತಂದ್ರ ಬೆಂಗಳೂರ."

"ರನ್ನ ಕುಂತನೇನು? ಬಳಿ ಬಿಟ್ಟು, ಓದಬೇಕಂತ ಶ್ರವಣಬೆಳಗೊಳದ ತನಕ ಹೋದನಂತ."

ಹೋದ, ಸರಿ. ಮಾವ ಹೇಳುವುದೆಲ್ಲ ಹೋದವನ ಕತೆ. ರನ್ನನ ಅಪ್ಪ ಜಿನವಲ್ಲಭನಿಗೆ ಬೇರೆ ಮಕ್ಕಳಿದ್ದರು, ಬಳೆ ಮಲಾರ ಯಾರೋ ಹೊತ್ತಿರಬೇಕು. ನನಗಿರುವವನು ಒಬ್ಬನೇ. ಇದನ್ನು ಮಾವನ ಮುಂದೆ ಅನ್ನಲಿಲ್ಲ.

ಷಟರ್ ಎಳೆಯುವ ಹೊತ್ತಿಗೆ ಆ ಹಸಿರು ಬಳೆಯಾಕಿ ನಿಜಕ್ಕೂ ತಿರುಗಿ ಬಂದಳು. ಎರಡು-ಆರು ಸಡಿಲಂತೆ, ಎರಡು-ನಾಲ್ಕು ಬೇಕಂತೆ. ಆ ಸೈಜಿನ ಡಬ್ಬಿ ಅಟ್ಟದ ಮೇಲಿದೆ. ಏಣಿ ಹತ್ತುವುದು ಯಾವಾಗಲೂ ಅವನೇ, ನನ್ನ ಮೊಣಕಾಲು