ಬೇಯದ ತೊಗರಿಬೇಳೆ

ಪಾವಗಡ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಶುದ್ಧ ಕುಡಿಯುವ ನೀರಿನ ಘಟಕ ನೋಡಿಕೊಳ್ಳುವ ತಂಡದಲ್ಲಿ ನಾನು ಕ್ಷೇತ್ರ ಕಾರ್ಯಕರ್ತೆ. ಇಲ್ಲಿಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಊರಿಗೆ ಹೊಸ ಸುದ್ದಿಯಲ್ಲ. ಹಲ್ಲಿನ ಮೇಲೆ ಕಂದು ಪಟ್ಟೆ, ಮಡಿಸಲಾಗದ ಮೊಣಕಾಲು ಎಷ್ಟೋ ಮನೆಗಳಲ್ಲಿವೆ. ಘಟಕ ಶುರುವಾದರೆ ಜನ ತಾವಾಗಿಯೇ ಕ್ಯಾನ್ ಹಿಡಿದು ಬರುತ್ತಾರೆ ಎಂದುಕೊಂಡಿದ್ದೆವು. ಬರಲಿಲ್ಲ.

ನೀರು ಸಪ್ಪೆ ಎಂದರು. ಪ್ರಯೋಗಾಲಯದ ವರದಿಯನ್ನು ಗೋಡೆಗೆ ಅಂಟಿಸಿದೆವು, ಯಾರೂ ನಿಂತು ಓದಲಿಲ್ಲ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಉಳಿದದ್ದರಲ್ಲಿ ಅದರ ಪ್ರಮಾಣ ಏರುತ್ತದೆ ಎಂದು ಮನೆಮನೆಗೆ ಹೋಗಿ ಹೇಳಿದೆ. ತಲೆಯಾಡಿಸಿ ಕಳಿಸಿದರು.

ಕೊನೆಗೆ ಜನರನ್ನು ಕರೆತಂದದ್ದು ಅಡುಗೆಮನೆ. ಕೊಳವೆಬಾವಿಯ ಗಡಸು ನೀರಿನಲ್ಲಿ ಎಷ್ಟು ಹೊತ್ತು ಕುದಿಸಿದರೂ ಗಟ್ಟಿಯಾಗಿಯೇ ಉಳಿಯುತ್ತಿದ್ದ ತೊಗರಿಬೇಳೆ ನಮ್ಮ ನೀರಿನಲ್ಲಿ ಬೆಣ್ಣೆಯಂತೆ ಬೆಂದಿತು. ಈ ಮಾತು ಒಂದೇ ವಾರದಲ್ಲಿ ಬೀದಿಬೀದಿಗೆ ಹಬ್ಬಿತು. ಬೆಳಗಿನ ಸಾಲು ಬೇವಿನ ಮರದವರೆಗೂ ಬೆಳೆಯಿತು.

ಘಟಕ ಶುರುವಾದ ಎಂಟನೆಯ ತಿಂಗಳಿನಲ್ಲಿ ನಾವು ತಪ್ಪು ಮಾಡಿದೆವು. ವಾರದ ಪರೀಕ್ಷೆಯ ದಿನ ದ್ರಾವಣದ ಹನಿ ಬಿಟ್ಟಾಗ ಗುಲಾಬಿಯಾಗಿಯೇ ಉಳಿಯಬೇಕಿದ್ದ ನೀರು ನಳಿಕೆಯಲ್ಲಿ ಹಳದಿಗೆ ತಿರುಗಿತು. ಬಣ್ಣದ ಪಟ್ಟಿಗೆ ಹಿಡಿದು ನೋಡಿದರೆ ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ಎಂಬ ಮಿತಿಯನ್ನು ದಾಟಿತ್ತು. ನೀರನ್ನು ಸೋಸುವ ತೆಳು ಪೊರೆ, ಅಂದರೆ ಮೆಂಬ್ರೇನ್, ಕೆಟ್ಟಿತ್ತು; ಹೊಸದು ಬರಲು ಮೂರು ದಿನ ಬೇಕಿತ್ತು. ಜನ ಈಗಷ್ಟೇ ಬರತೊಡಗಿದ್ದಾರೆ, ಹೇಳಿದರೆ ಮತ್ತೆ ಬರುವುದಿಲ್ಲ ಎಂದು ತಂಡದಲ್ಲಿ ಮಾತಾಯಿತು. ನಾನೂ ಒಪ್ಪಿದೆ. ಫ್ಲೋರೈಡಿನ ಕೇಡು ವರ್ಷಗಟ್ಟಲೆ ಕುಡಿದ ಮೇಲೆ ಕಾಣಿಸುವಂಥದ್ದು, ಮೂರು ದಿನದಲ್ಲಿ ಏನಾದೀತು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಒಪ್ಪಿಗೆ ಇಂದಿಗೂ ಮನಸ್ಸನ್ನು ಚುಚ್ಚುತ್ತದೆ.

ಎರಡನೆಯ ದಿನ ಸಂಜೆ ಒಬ್ಬ ಅಜ್ಜಿ ಸ್ಟೀಲಿನ ಪಾತ್ರೆ ಹಿಡಿದು ಘಟಕಕ್ಕೆ ಬಂದರು. ಮುಚ್ಚಳ ತೆಗೆದು, ಎರಡು ಬೇಳೆ ಎತ್ತಿ ನನ್ನ ಅಂಗೈಗೆ ಹಾಕಿದರು. ಹಿಚುಕಿದೆ. ಒಡೆಯಿತೇ ಹೊರತು ನುಣ್ಣಗಾಗಲಿಲ್ಲ.

"ನಿನ್ನೆಯಿಂದ ನೀರು ಬದಲಾಗಿದೆ. ನಿನಗೆ ಗೊತ್ತಿರಲಿಲ್ಲವೇನಮ್ಮ?"

ಗೊತ್ತಿತ್ತು ಎಂದೆ. ಅವರು ಬೈಯಲಿಲ್ಲ. ಪಾತ್ರೆ ಮುಚ್ಚಿಕೊಂಡು ಹೊರಟುಹೋದರು. ಮರುದಿನ ಬೆಳಿಗ್ಗೆ ಸಾಲು ಇರಲಿಲ್ಲ.

ಘಟಕವನ್ನು ನಾವೇ ಮುಚ್ಚಿದೆವು. ಅದೇ ಸಂಜೆ ದೇವಸ್ಥಾನದ ಕಟ್ಟೆಯ ಮೇಲೆ ಊರವರನ್ನು ಸೇರಿಸಿ ನಡೆದದ್ದನ್ನು ದಿನಾಂಕ ಸಮೇತ ಹೇಳಿದೆವು. ಬಹಳ ಬೈಸಿಕೊಂಡೆವು. ಅದು ನ್ಯಾಯವೇ ಆಗಿತ್ತು. ಅಂದು ಕೇಳಿಬಂದ ಇನ್ನೊಂದು ಪ್ರಶ್ನೆ ಎಂಟು ತಿಂಗಳು ಯಾರೂ ನಮ್ಮ ಮುಂದೆ ಎತ್ತದೆ ಮನಸ್ಸಿನಲ್ಲೇ ಇಟ್ಟುಕೊಂಡದ್ದು: ಬರದ ಊರಿನಲ್ಲಿ ಇಷ್ಟು ನೀರನ್ನು ಚರಂಡಿಗೆ ಏಕೆ ಬಿಡುತ್ತೀರಿ? ಶುದ್ಧೀಕರಿಸುವಾಗ ಲವಣವೆಲ್ಲ ಸೇರಿ ಹೊರಬರುವ ನೀರು ಅದು, ದನಕರುಗಳಿಗೂ ಕುಡಿಸಬಾರದು ಎಂದು ಮೊದಲ ದಿನವೇ ಹೇಳಬೇಕಿತ್ತು. ಈಗ ಆ ನೀರಿನ ಕೊಳವೆ ಶೌಚಾಲಯದ ತೊಟ್ಟಿಗೆ ಹೋಗುತ್ತದೆ. ತೊಟ್ಟಿ ತುಂಬಿದ ಮೇಲೆ ಹರಿದುಹೋಗುವುದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇವೆ.

ಪ್ರತಿ ಸೋಮವಾರ ಸ್ತ್ರೀಶಕ್ತಿ ಸಂಘದ ಇಬ್ಬರು ಪರೀಕ್ಷೆ ಮಾಡುತ್ತಾರೆ. ಹನಿ ಎಣಿಸುವುದು, ಬಣ್ಣ ಹೋಲಿಸುವುದು, ಹೊರಗಿನ ಕಪ್ಪುಹಲಗೆಯ ಮೇಲೆ ಅಂಕಿ ಬರೆಯುವುದು ಎಲ್ಲವೂ ಅವರದೇ. ಅಂಕಿ ಮಿತಿ ದಾಟಿದರೆ ಬೀಗ ಹಾಕುವ ಅಧಿಕಾರವೂ ಅವರದೇ, ಬೀಗದ ಕೈ ಅವರ ಬಳಿಯೇ ಇದೆ. ಒಮ್ಮೆ ನನ್ನನ್ನು ಕೇಳದೆಯೇ ಹಾಕಿದ್ದರು. ಅಂದು ಫೋನಿನಲ್ಲಿ ಸುದ್ದಿ ಕೇಳಿ ನನಗೆ ಆದ ಸಂತೋಷ ಉದ್ಘಾಟನೆಯ ದಿನವೂ ಆಗಿರಲಿಲ್ಲ.

ಆ ಅಜ್ಜಿ ಮತ್ತೆ ಬರಲು ಎರಡು ತಿಂಗಳು ಹಿಡಿಯಿತು. ಬಂದವರು ಮೊದಲು ಹಲಗೆಯ ಮುಂದೆ ನಿಂತರು. ಅವರಿಗೆ ಓದು ಬರುವುದಿಲ್ಲ. ಸಾಲಿನಲ್ಲಿದ್ದ ಹುಡುಗನಿಂದ ಅಂಕಿ ಓದಿಸಿ, ಆಮೇಲೆ ಕ್ಯಾನನ್ನು ನಲ್ಲಿಯ ಕೆಳಗೆ ಇಟ್ಟರು.