ಜೊಂಡಿನ ಬುಡದಲ್ಲಿ ನಿಂತ ನೀರು

ನಿನ್ನೆ ಬೆಳಗ್ಗೆ ಮೈಸೂರಿನ ಲಿಂಗಾಂಬುಧಿ ಕೆರೆ ಹತ್ತಿರ ವಾಕಿಂಗ್ ಮಾಡುವಾಗ ಅಕ್ಕನ ಮಗಳ ಫೋನ್ ಬಂತು. ಅವಳು ಅಮೆರಿಕದ ಲೂಸಿಯಾನದಲ್ಲಿ ಕರಾವಳಿ ವಿಜ್ಞಾನಿ. ಚಂಡಮಾರುತದ ನೀರು ತಡೆಯೋದು ಅಂದರೆ ಗೋಡೆ ಕಟ್ಟೋದು ಅಂದುಕೊಂಡಿದ್ದೆ. ಅವಳ ಕೆಲಸ ಜೌಗು ನೆಲವನ್ನು ಮತ್ತೆ ಬೆಳೆಸೋದು.

"ಚಿಕ್ಕಮ್ಮ, ಅಲ್ಲೇ ಜೊಂಡು ಇದೆಯಲ್ಲ, ಸ್ವಲ್ಪ ಬಗ್ಗಿ ನೋಡಿ" ಅಂದಳು. ನೋಡಿದೆ. ರಾತ್ರಿ ಮಳೆಯ ಕೆಂಪು ನೀರು ಜೋರಾಗಿ ಬಂದು ಜೊಂಡಿನ ಬುಡದಲ್ಲಿ ನಿಧಾನವಾಗುತ್ತಿತ್ತು, ಒಂದೊಂದು ಕಾಂಡದ ಸುತ್ತ ಸಣ್ಣ ನೊರೆ, ಮಣ್ಣು ಅಲ್ಲೇ ಕೂರುತ್ತಿತ್ತು, ಆ ಕಡೆ ನೀರು ಎಷ್ಟೋ ತಿಳಿ.

ಸಮುದ್ರದ ಅಲೆಗೂ ಜೌಗು ಹುಲ್ಲು ಹೀಗೇ ಅಡ್ಡ ನಿಲ್ಲುತ್ತದಂತೆ. ಆದರೆ 1930ರ ದಶಕದಿಂದ ಲೂಸಿಯಾನ ಸುಮಾರು 5,000 ಚದರ ಕಿ.ಮೀ. ನೆಲ ಕಳೆದುಕೊಂಡಿದೆ, ಹೆಚ್ಚುಕಡಿಮೆ ನಮ್ಮ ಮಂಡ್ಯ ಜಿಲ್ಲೆಯಷ್ಟು! ಮಿಸಿಸಿಪ್ಪಿ ನದಿಗೆ ಎರಡೂ ಕಡೆ ಏರಿ ಕಟ್ಟಿದ್ದರಿಂದ ಹೂಳು ಜೌಗಿಗೆ ಹೋಗೋದೇ ನಿಂತಿತು. ತೈಲಕ್ಕಾಗಿ ತೋಡಿದ ಕಾಲುವೆಗಳಲ್ಲಿ ಉಪ್ಪುನೀರು ಒಳಗೆ ಬಂತು. 2005ರಲ್ಲಿ ಕತ್ರಿನಾ ಚಂಡಮಾರುತ ಬಂದಾಗ ಅಲ್ಲಿನ ನ್ಯೂ ಆರ್ಲಿಯನ್ಸ್‌ ನಗರದ ತಡೆಗೋಡೆಗಳು ಒಡೆದು ಊರಿನ ಸುಮಾರು ಶೇ. 80 ಭಾಗ ಮುಳುಗಿತು.

ಜೌಗು ಇದ್ದರೆ ಗೋಡೆ ಬೇಡ ಅಂತ ಅವಳು ಹೇಳೋದಿಲ್ಲ. ನಿಧಾನವಾಗಿ ಬಂದು ತುಂಬಾ ಹೊತ್ತು ನಿಲ್ಲೋ ಚಂಡಮಾರುತಕ್ಕೆ ಹುಲ್ಲು ಸಾಲದು. ಎರಡೂ ಬೇಕು. ಮುಂದೆ ಜೌಗು, ಹಿಂದೆ ಗೋಡೆ. ಇದು ನನಗೆ ತುಂಬಾ ಸರಿ ಅನಿಸಿತು.

ಕೆರೆಯ ಜೊಂಡೆಲ್ಲ ಕಿತ್ತುಹಾಕಿ ಅಂತ ಹೋದ ವರ್ಷ ನಮ್ಮ ಬಡಾವಣೆಯವರು ಕೊಟ್ಟ ಮನವಿಗೆ ನಾನೂ ಸಹಿ ಹಾಕಿದ್ದೆ. ನೀರು ಬರೋ ಬಾಯಲ್ಲಾದರೂ ಅದನ್ನು ಬಿಡಿ ಅಂತ ಭಾನುವಾರದ ಮೀಟಿಂಗ್‌ನಲ್ಲಿ ಕೇಳುತ್ತೇನೆ.